ಸೈಕಲ್ಲಿನ ಮೇಲೊಂದು ಹಸುಬೆ

ಬೆಳಗಿನ ಎಂಟರ ಹೊತ್ತಿಗೆ ಯಾವುದೇ ಊರಿನ ರೈಲ್ವೆ ಗೇಟಿನ ಬಳಿ ಹತ್ತು ನಿಮಿಷ ನಿಂತರೆ ಸಾಕು. ಗೇಟು ಬಿದ್ದಿರುತ್ತದೆ. ಸೈಕಲ್ ಸವಾರರು ಒಂದು ಕಾಲು ನೆಲಕ್ಕೂರಿ ಕಾಯುತ್ತಿರುತ್ತಾರೆ. ಅವರ ಮುಖ ನೋಡದೆ ಸೈಕಲ್ಲುಗಳನ್ನಷ್ಟೇ ನೋಡಿದರೂ ಯಾರು ಎಲ್ಲಿಗೆ ಹೊರಟವರು ಎಂದು ಹೇಳಬಹುದು. ಹಿಂಗಾಲಿಯ ಎರಡೂ ಪಕ್ಕ ಅಲ್ಯೂಮಿನಿಯಂ ಕ್ಯಾನು ತೂಗುಹಾಕಿದವನು ಹಾಲಿನವನು. ಕ್ಯಾರಿಯರಿನ ಚಾಪೆಗೆ ಬುತ್ತಿ ಡಬ್ಬಿ ಸಿಕ್ಕಿಸಿ ರಬ್ಬರ್ ಪಟ್ಟಿ ಬಿಗಿದವನು ಕಟ್ಟಡದ ಕೆಲಸಕ್ಕೋ ಕಾರ್ಖಾನೆಗೋ ಹೊರಟವನು. ಹ್ಯಾಂಡಲ್ಲಿಗೆ ವಯರಿನ ಬ್ಯಾಗು ನೇತುಹಾಕಿದವರು ತರಕಾರಿಗೆ ಹೊರಟವರು. ಬೆನ್ನಿಗೆ ಕರಿಯ ಚೀಲ ಅಂಟಿಸಿಕೊಂಡು, ಅಂಗಿಯ ಬೆನ್ನು ಆಗಲೇ ಒದ್ದೆಯಾಗಿರುವ ಯುವಕ ಕಂಪ್ಯೂಟರ್ ಕಚೇರಿಯವನು.

ಇವರೆಲ್ಲರೂ ಒಂದು ಪ್ರಶ್ನೆಗೆ ತಮ್ಮದೇ ಉತ್ತರ ಕಂಡುಕೊಂಡವರು: ಒಯ್ಯಬೇಕಾದ ಸಾಮಾನನ್ನು ಇಡುವುದೆಲ್ಲಿ? ಸೈಕಲ್ ಕೊಳ್ಳುವಾಗ ಬಣ್ಣ, ಗೇರು, ಬ್ರೇಕು, ಬೆಲೆ ಎಲ್ಲವನ್ನೂ ವಿಚಾರಿಸುವವರು ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಕೇಳುವುದಿಲ್ಲ. ಮೊದಲ ದಿನ ಚೀಲ ಎಲ್ಲಿ ಸಿಕ್ಕಿಕೊಂಡಿತೋ ಅಲ್ಲೇ ಅದು ವರ್ಷಗಟ್ಟಲೆ ಉಳಿಯುತ್ತದೆ. ಆದರೆ ಸೈಕಲ್ಲಿನಿಂದ ಬಿದ್ದವರನ್ನು ಮಾತನಾಡಿಸಿದರೆ, ಎದುರಿನಿಂದ ಬಂದ ವಾಹನದಷ್ಟೇ ಸಲ ತನ್ನದೇ ಚೀಲದ ಹೆಸರು ಕೇಳಿಬಂದರೂ ಆಶ್ಚರ್ಯವಿಲ್ಲ.

ಭಾರ ಹೇರುವ ಕಲೆ ನಮ್ಮಲ್ಲಿ ಸೈಕಲ್ಲಿಗಿಂತ ಎಷ್ಟೋ ಹಳೆಯದು. ಎತ್ತಿನ ಬೆನ್ನ ಮೇಲೆ ಅಡ್ಡಲಾಗಿ ಹಾಕುವ ಜೋಡಿ ಚೀಲಕ್ಕೆ ಕನ್ನಡದಲ್ಲಿ ಹಸುಬೆ ಎಂಬ ಸೊಗಸಾದ ಹೆಸರಿದೆ. ನಡುವೆ ಬಾಯಿ, ಎರಡೂ ಬದಿಗೆ ಹೊಟ್ಟೆ. ಎಡಕ್ಕೆ ಎಷ್ಟು ತುಂಬಿದರೋ ಬಲಕ್ಕೂ ಅಷ್ಟೇ ತುಂಬಬೇಕು. ಇಲ್ಲವಾದರೆ ಹತ್ತು ಹೆಜ್ಜೆಗೆ ಹೇರು ಜಾರುತ್ತದೆ, ಎತ್ತಿನ ಬೆನ್ನು ಹುಣ್ಣಾಗುತ್ತದೆ. ಗೋಣಿಯೂ ಮೊದಲಿಗೆ ಇಂಥದೇ ಹೇರಿನ ಚೀಲ. ಇಂಗ್ಲಿಷಿನ ‘ಗನ್ನಿ’ ಎಂಬ ಮಾತು ಹುಟ್ಟಿದ್ದೂ ಈ ಗೋಣಿಯ ಬಳಗದಿಂದಲೇ. ಉಪ್ಪು, ಧಾನ್ಯಗಳನ್ನು ಹೇರೆತ್ತುಗಳ ಮೇಲೆ ದೇಶದ ಉದ್ದಗಲಕ್ಕೆ ಸಾಗಿಸಿದ ಲಂಬಾಣಿಗಳು ಈ ವಿದ್ಯೆಯಲ್ಲಿ ಪಳಗಿದವರು. 1791-92ರಲ್ಲಿ ಶ್ರೀರಂಗಪಟ್ಟಣದ ಮೇಲೆ ಏರಿ ಬಂದ ಕಾರ್ನ್‌ವಾಲಿಸನ ಸೈನ್ಯದ ಹೊಟ್ಟೆ ತುಂಬಿಸಿದ್ದರಲ್ಲಿ ಅವರ ಎತ್ತುಗಳ ಪಾಲು ದೊಡ್ಡದು. ಇಂದು ದೊಡ್ಡ ನಗರಗಳ ಸೈಕಲ್ ಮಳಿಗೆಗಳಲ್ಲಿ ‘ಪ್ಯಾನಿಯರ್’ ಎಂಬ ಹೆಸರಿನಲ್ಲಿ ದುಬಾರಿ ಬೆಲೆಗೆ ಮಾರಾಟವಾಗುವ ಜೋಡಿ ಚೀಲ ಇದೇ ಹಸುಬೆ. ಎತ್ತಿನ ಬೆನ್ನಿನ ಬದಲು ಹಿಂಗಾಲಿಯ ಎರಡೂ ಪಕ್ಕದಲ್ಲಿ ಇಳಿಬಿದ್ದಿರುತ್ತದೆ, ಅಷ್ಟೆ. ಆ ಇಂಗ್ಲಿಷ್ ಪದದ ಮೂಲವಾದರೂ ರೊಟ್ಟಿ ಬುಟ್ಟಿ ಎಂಬರ್ಥದ ಲ್ಯಾಟಿನ್ ಮಾತು.

ಮೊದಮೊದಲ ಸೈಕಲ್ಲುಗಳಿಗೆ ಹೊರುವ ಯೋಗ್ಯತೆಯೇ ಅಷ್ಟಾಗಿ ಇರಲಿಲ್ಲ. 1870ರ ದಶಕದ ಸೈಕಲ್ಲೆಂದರೆ ಎದೆಯೆತ್ತರದ ಮುಂಗಾಲಿ, ಬೋಗುಣಿಯಷ್ಟಗಲದ ಹಿಂಗಾಲಿ. ಸವಾರ ಮುಂಗಾಲಿಯ ನೆತ್ತಿಯ ಮೇಲೆಯೇ ಕೂರಬೇಕು. ಅಂಥ ವಾಹನದ ಮೇಲೆ ಥಾಮಸ್ ಸ್ಟೀವನ್ಸ್ ಎಂಬಾತ 1884ರ ಏಪ್ರಿಲ್‌ನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಿಂದ ಹೊರಟು 1886ರ ಡಿಸೆಂಬರಿನಲ್ಲಿ ಜಪಾನಿನ ಯೊಕೊಹಾಮ ಸೇರಿದ. ನಡುವೆ ಲಾಹೋರಿನಿಂದ ಕಲ್ಕತ್ತೆಯವರೆಗೆ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿ ನಮ್ಮ ದೇಶವನ್ನೂ ದಾಟಿದ. ಭೂಮಿ ಸುತ್ತಲು ಹೊರಟವನ ಸಾಮಾನು ಎಷ್ಟಿತ್ತು ಗೊತ್ತೆ? ಕಾಲುಚೀಲ, ಒಂದು ಹೆಚ್ಚುವರಿ ಅಂಗಿ, ಡೇರೆಯಾಗಿಯೂ ಹಾಸಿಗೆಯಾಗಿಯೂ ಬಳಸಬಹುದಾದ ಒಂದು ಮಳೆ ಅಂಗಿ, ಜೊತೆಗೊಂದು ಪಿಸ್ತೂಲು. ಹ್ಯಾಂಡಲ್ಲಿನ ಸಣ್ಣ ಚೀಲದಲ್ಲಿ ಹಿಡಿಸಿದಷ್ಟೇ ಅವನ ಆಸ್ತಿ. ನಮ್ಮ ಶಾಲಾ ಮಕ್ಕಳು ನೋಡಿದರೆ ಅಸೂಯೆಪಟ್ಟಾರು.

1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ರೋವರ್ ಸೈಕಲ್ಲನ್ನು ಹೊರತಂದ ಮೇಲೆ ಚಿತ್ರ ಬದಲಾಯಿತು. ಹೆಚ್ಚುಕಡಿಮೆ ಸಮನಾದ ಎರಡು ಗಾಲಿ, ಹಿಂಗಾಲಿಗೆ ಚೈನು, ನಡುವೆ ಸವಾರ. ಮೂರು ವರ್ಷಕ್ಕೆ, 1888ರಲ್ಲಿ, ಡನ್ಲಪ್ಪನ ಗಾಳಿ ತುಂಬಿದ ಟೈರೂ ಬಂತು. ಸವಾರನ ಹಿಂದೆ, ಗಾಲಿಯ ಮೇಲೆ ಒಂದು ಖಾಲಿ ಜಾಗ ಹುಟ್ಟಿಕೊಂಡಿತು. ಆ ಖಾಲಿ ಜಾಗವೇ ಮುಂದೆ ಕ್ಯಾರಿಯರ್ ಆಯಿತು.

ಬ್ರಿಟಿಷರ ಕಾಲದಲ್ಲಿ ರ್‍ಯಾಲಿ, ಹಂಬರ್, ಹರ್ಕ್ಯುಲಿಸ್‌ಗಳು ಹಡಗಿನಲ್ಲಿ ಬಂದವು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಇಲ್ಲಿಯೇ ಕಾರ್ಖಾನೆಗಳು ಎದ್ದವು. ಮದರಾಸಿನ ಹೊರವಲಯದ ಅಂಬತ್ತೂರಿನ ಟಿ.ಐ. ಸೈಕಲ್ಸ್ 1949ರದು, ಸೋನಿಪತ್ತಿನ ಅಟ್ಲಾಸ್ 1951ರದು, ಲೂಧಿಯಾನದ ಹೀರೊ 1956ರದು. ಇವರೆಲ್ಲ ಮಾಡಿದ್ದು ಇಂಗ್ಲಿಷ್ ರೋಡ್‌ಸ್ಟರಿನ ಅದೇ ಕರಿಯ ಸೈಕಲ್ಲು. 28 ಅಂಗುಲದ ಗಾಲಿ, ಸುಮಾರು 20 ಕಿಲೋ ತೂಕ, ಸರಳಿನ ಬ್ರೇಕು. ಕೊಳ್ಳಲು ಹೋದವನಿಗೆ ಅಂಗಡಿಯವನು ಸೈಕಲ್ಲಿನ ಬೆಲೆ ಬೇರೆ, ಫಿಟಿಂಗ್ಸ್ ಬೆಲೆ ಬೇರೆ ಹೇಳುತ್ತಿದ್ದ. ಕ್ಯಾರಿಯರ್, ಸ್ಟ್ಯಾಂಡು, ಬೆಲ್ಲು, ಬೀಗ, ಚೈನ್ ಕವರು, ಡೈನಮೊ ಎಲ್ಲವೂ ಫಿಟಿಂಗ್ಸ್. ಹಣ ಸಾಲದವನು ಡೈನಮೊ ಬಿಟ್ಟಾನು, ಚೈನ್ ಕವರು ಬಿಟ್ಟಾನು, ಕ್ಯಾರಿಯರನ್ನು ಬಿಡುತ್ತಿರಲಿಲ್ಲ.

ಬೆಂಗಳೂರಿನ ಮಟ್ಟಿಗೆ ಹೇಳುವುದಾದರೆ ಕ್ಯಾರಿಯರಿನ ಸುವರ್ಣಯುಗ ಸಾರ್ವಜನಿಕ ಕಾರ್ಖಾನೆಗಳ ಯುಗವೂ ಹೌದು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಪಾಳಿ ಬದಲಾಗುವ ಹೊತ್ತಿಗೆ ಸೈರನ್ ಕೂಗಿದರೆ ರಸ್ತೆ ತುಂಬ ಸೈಕಲ್ಲು. ಪ್ರತಿ ಸೈಕಲ್ಲಿನ ಹಿಂದೆಯೂ ಒಂದು ಊಟದ ಡಬ್ಬಿ. ಡಬ್ಬಿ ಅಡ್ಡವಾದರೆ ಸಾರು ಚೆಲ್ಲುತ್ತದೆ, ಆದ್ದರಿಂದ ಡಬ್ಬಿಯ ಚೀಲವನ್ನು ಕ್ಯಾರಿಯರಿನ ಚಾಪೆಯಡಿ ಮಲಗಿಸದೆ ನಿಲ್ಲಿಸಿಯೇ ಕಟ್ಟಬೇಕು. ಕಟ್ಟಲು ಹಗ್ಗಕ್ಕಿಂತ ಹಳೆಯ ಟ್ಯೂಬಿನಿಂದ ಕತ್ತರಿಸಿದ ಪಟ್ಟಿಯೇ ಲೇಸು. ಏಕೆಂದರೆ ಗುಂಡಿಗೆ ಇಳಿದು ಸಾಮಾನು ಒಮ್ಮೆ ಕುಲುಕಿ ಕೆಳಗೆ ಕೂತರೆ ಹಗ್ಗದ ಗಂಟು ಸಡಿಲವಾಗುತ್ತದೆ. ರಬ್ಬರ್ ಪಟ್ಟಿ ಸಾಮಾನಿನ ಜೊತೆಗೇ ಕುಗ್ಗುತ್ತದೆ, ಬಿಗಿ ಬಿಡುವುದಿಲ್ಲ. ಪಂಕ್ಚರ್ ಅಂಗಡಿಯವನು ಪುಕ್ಕಟೆ ಕೊಡುತ್ತಿದ್ದ ಈ ಪಟ್ಟಿಗೆ ಪರದೇಶದ ಅಂಗಡಿಗಳಲ್ಲಿ ಕೊಕ್ಕೆ ಹಾಕಿ, ಬಣ್ಣದ ಬಟ್ಟೆ ಹೊದಿಸಿ ‘ಬಂಜಿ ಕಾರ್ಡ್’ ಎಂದು ಮಾರುತ್ತಾರೆ.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ದಿನನಿತ್ಯ ಕೆಲಸಕ್ಕೆ ಹೋಗಿಬರುವವನು ತನ್ನ ಐದಾರು ಕಿಲೋ ಸಾಮಾನನ್ನು ಇಡಲು ನಾಲ್ಕು ಜಾಗಗಳಿವೆ: ಬೆನ್ನು, ಹ್ಯಾಂಡಲ್, ಕ್ಯಾರಿಯರಿನ ಮೇಲೆ, ಗಾಲಿಯ ಪಕ್ಕಕ್ಕೆ. ಒಂದು ಮಾತನ್ನು ಮೊದಲೇ ಹೇಳಬೇಕು. ಏರು ಹತ್ತುವಾಗ ತುಳಿಯಬೇಕಾದ ಬಲದ ಲೆಕ್ಕದಲ್ಲಿ ಈ ನಾಲ್ಕರಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಐದು ಕಿಲೋ ಬೆನ್ನ ಮೇಲಿದ್ದರೂ ಐದೇ, ಗಾಲಿಯ ಪಕ್ಕದಲ್ಲಿದ್ದರೂ ಐದೇ. ವ್ಯತ್ಯಾಸ ಬರುವುದು ಸಮತೋಲದಲ್ಲಿ, ಸವಾರನ ಮೈಯಲ್ಲಿ, ಮತ್ತು ಏನಾದರೂ ತಪ್ಪಿದಾಗ ಯಾರಿಗೆ ಪೆಟ್ಟಾಗುತ್ತದೆ ಎಂಬುದರಲ್ಲಿ.

ಹ್ಯಾಂಡಲ್ಲಿನಿಂದಲೇ ಆರಂಭಿಸುವುದು ಒಳ್ಳೆಯದು. ಎಲ್ಲಕ್ಕಿಂತ ಸುಲಭವಾದ ಜಾಗ ಅದು, ಎಲ್ಲಕ್ಕಿಂತ ಅಪಾಯದ್ದೂ ಅದೇ. ಹ್ಯಾಂಡಲ್ಲಿಗೆ ನೇತುಬಿದ್ದ ಚೀಲ ಗಡಿಯಾರದ ಲೋಲಕದಂತೆ ತೂಗುತ್ತದೆ. ಒಂದೇ ಬದಿಗಿದ್ದರಂತೂ ಸೈಕಲ್ಲನ್ನು ಸದಾ ಆ ಕಡೆಗೇ ಎಳೆಯುತ್ತದೆ. ಸವಾರನ ಕೈಗೆ ಅದು ಅಭ್ಯಾಸವಾಗಿ ಎಳೆತ ತಿಳಿಯುವುದೇ ಇಲ್ಲ, ಬಸ್ಸಿಗೆ ದಾರಿ ಬಿಡಲು ತಟ್ಟನೆ ತಿರುಗಿಸಿದಾಗ ಮಾತ್ರ ತಿಳಿಯುತ್ತದೆ. ಆದರೆ ನಿಜವಾದ ಅಪಾಯ ಇದಲ್ಲ. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹೋಗುವಾಗ 28 ಅಂಗುಲದ ಗಾಲಿ ಸೆಕೆಂಡಿಗೆ ಹತ್ತಿರ ಹತ್ತಿರ ಎರಡು ಸುತ್ತು ಸುತ್ತುತ್ತದೆ. ಮುಂಗಾಲಿಯಲ್ಲಿ 32 ಕಡ್ಡಿಗಳಿವೆ. ಎಂದರೆ ಫೋರ್ಕಿನ ಪಕ್ಕದಲ್ಲಿ ಸೆಕೆಂಡಿಗೆ ಸುಮಾರು 60 ಕಡ್ಡಿಗಳು ಹಾದುಹೋಗುತ್ತವೆ. ತೂಗುವ ಚೀಲದ ಒಂದು ಮೂಲೆ, ಒಂದು ಲಾಡಿ, ಛತ್ರಿಯ ತುದಿ ಆ ಕಡ್ಡಿಗಳ ನಡುವೆ ಸಿಕ್ಕರೆ ಗಾಲಿಯೊಡನೆ ಸುತ್ತಿ ಬಂದು ಫೋರ್ಕಿಗೆ ಬಡಿದು ನಿಲ್ಲುತ್ತದೆ. ಗಾಲಿಯೂ ನಿಲ್ಲುತ್ತದೆ. ಸವಾರ ಮಾತ್ರ ನಿಲ್ಲುವುದಿಲ್ಲ. ಹಿಂಗಾಲಿ ಮೇಲೆದ್ದು ಅವನು ಹ್ಯಾಂಡಲ್ಲಿನ ಮೇಲಿಂದ ತಲೆಯಡಿಯಾಗಿ ಬೀಳುತ್ತಾನೆ. ಬ್ರೇಕು ಹಾಕಿದಾಗ ಕೈಯೂರಿಕೊಳ್ಳಲು ಸಿಗುವ ಅರೆಕ್ಷಣವೂ ಇಲ್ಲಿ ಸಿಗದು. ಮುಖ, ಹಲ್ಲು, ಕೊರಳೆಲುಬು, ಮಣಿಕಟ್ಟು ಇವುಗಳಿಗೇ ಪೆಟ್ಟು. ಎರಡು ಕಿಲೋ ಈರುಳ್ಳಿಯ ಚೀಲಕ್ಕೆ ಇಷ್ಟೆಲ್ಲ ಮಾಡುವ ಶಕ್ತಿಯಿದೆ ಎಂದರೆ ಅಡುಗೆ ಮನೆಯಲ್ಲಿ ಯಾರೂ ನಂಬುವುದಿಲ್ಲ.

ಹಾಗಾದರೆ ಮುಂದೆ ಬುಟ್ಟಿ ಕಟ್ಟಿಸಿಕೊಂಡ ಲೇಡೀಸ್ ಸೈಕಲ್ಲುಗಳ ಗತಿ? ಬುಟ್ಟಿ ತೂಗುವುದಿಲ್ಲ, ಕಡ್ಡಿಗೂ ಸಿಗುವುದಿಲ್ಲ. ಅಷ್ಟರಮಟ್ಟಿಗೆ ಕ್ಷೇಮ. ಆದರೆ ಹ್ಯಾಂಡಲ್ಲಿಗಷ್ಟೇ ಕೊಕ್ಕೆ ಹಾಕಿ ತಗುಲಿಸಿದ ಬುಟ್ಟಿಗೂ, ಕೆಳಗಿನಿಂದ ಮುಂಗಾಲಿಯ ಅಚ್ಚಿಗೆ ಸರಳು ಕೊಟ್ಟು ನಿಲ್ಲಿಸಿದ ಬುಟ್ಟಿಗೂ ಬಹಳ ಅಂತರವಿದೆ. ಮೊದಲನೆಯದರಲ್ಲಿ ಎರಡು ಕಿಲೋ ಮೀರಿದರೆ ಹ್ಯಾಂಡಲ್ ಹಟ ಹಿಡಿಯುತ್ತದೆ. ಎರಡನೆಯದು ಭಾರವನ್ನು ಅಚ್ಚಿಗೆ ದಾಟಿಸುತ್ತದೆ. ಜಪಾನಿನ ತಾಯಂದಿರು ಮಾರುಕಟ್ಟೆಗೆ ಒಯ್ಯುವ ‘ಮಾಮಾಚಾರಿ’ ಸೈಕಲ್ಲುಗಳ ಬುಟ್ಟಿ ಈ ಎರಡನೆಯ ಬಗೆಯದು. ಇಂಗ್ಲೆಂಡಿನ ಮಡಚುವ ಸೈಕಲ್ ಬ್ರಾಂಪ್ಟನ್ನಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮುಂದಿನ ಚೀಲವನ್ನು ಹ್ಯಾಂಡಲ್ಲಿಗಲ್ಲದೆ ಫ್ರೇಮಿಗೇ ತಗುಲಿಸುತ್ತಾರೆ. ಹ್ಯಾಂಡಲ್ ತಿರುಗಿದರೂ ಚೀಲ ತಿರುಗುವುದಿಲ್ಲ. ಮೊದಲ ಸಲ ನೋಡಿದವರಿಗೆ ಅದು ವಿಚಿತ್ರವಾಗಿ ಕಾಣುತ್ತದೆ, ಓಡಿಸಿದವರಿಗೆ ಅಲ್ಲ.

ಮುಂದೆ ಭಾರ ಹೇರಿಯೂ ಹಾರುವಂತೆ ಓಡಿಸಿದವರಿದ್ದರು ಎಂಬುದನ್ನು ಪತ್ರಿಕೆಯ ಓದುಗರಿಗೆ ಹೇಳದಿದ್ದರೆ ತಪ್ಪಾದೀತು. ಪ್ಯಾರಿಸ್ಸಿನಲ್ಲಿ ಅಚ್ಚುಕೂಟದಿಂದ ಅಂಗಡಿಗಳಿಗೆ ಪತ್ರಿಕೆ ಒಯ್ಯುವ ಹುಡುಗರು ಮುಂಗಾಲಿಯ ಮೇಲಿನ ದೊಡ್ಡ ಕ್ಯಾರಿಯರಿನಲ್ಲಿ ಕಟ್ಟುಗಳನ್ನು ಹೇರುತ್ತಿದ್ದರು. ಅವರಿಗಾಗಿಯೇ 19ನೆಯ ಶತಮಾನದ ಕೊನೆಯಿಂದ 20ನೆಯ ಶತಮಾನದ ನಡುವಿನವರೆಗೆ ಒಂದು ಪಂದ್ಯ ನಡೆಯುತ್ತಿತ್ತು. ಸ್ಪರ್ಧಿಗಳು 15 ಕಿಲೋ ಹೊರೆಯೊಂದಿಗೆ ಪ್ಯಾರಿಸ್ಸಿನ ಬೀದಿಗಳಲ್ಲಿ ಧಾವಿಸಬೇಕಿತ್ತು. ಅವರ ಸೈಕಲ್ಲುಗಳ ಫೋರ್ಕಿನ ಬಾಗು ಮುಂದಿನ ಭಾರಕ್ಕೆಂದೇ ಹೊಂದಿಸಿದ್ದು. ನಮ್ಮಲ್ಲಿ ಬೆಳಗಿನ ಪತ್ರಿಕೆ ಹಂಚುವ ಹುಡುಗರು ಕಟ್ಟನ್ನು ಸಾಮಾನ್ಯವಾಗಿ ಹಿಂದಿನ ಕ್ಯಾರಿಯರಿನ ಮೇಲೋ, ಸೀಟಿನ ಮುಂದೆ ಬಾರಿನ ಎರಡೂ ಕಡೆ ಇಳಿಬಿಟ್ಟ ಚೀಲದಲ್ಲೋ ಇಡುತ್ತಾರೆ. ಆ ಬಾರಿನ ಚೀಲವೂ ಹಸುಬೆಯೇ. ಕೈಗೆ ಹತ್ತಿರ, ಎರಡು ಗಾಲಿಗಳ ನಡುವೆ ಭಾರ. ಕಾಲು ಅಗಲಿಸಿ ತುಳಿಯಬೇಕು ಎಂಬುದೊಂದೇ ಕಷ್ಟ.

ಕ್ಯಾರಿಯರಿನ ವಿಚಾರಕ್ಕೆ ಬಂದರೆ, ನಮ್ಮ ಕರಿಯ ಸೈಕಲ್ಲಿನ ಹಿಂಗಾಲಿಗೆ 40 ಕಡ್ಡಿ, ಮುಂಗಾಲಿಗೆ 32 ಎಂಬುದನ್ನು ಗಮನಿಸಿದವರು ಕಡಿಮೆ. ಭಾರ ಹಿಂದಕ್ಕೇ ಬೀಳುತ್ತದೆ ಎಂದು ತಿಳಿದೇ ಮಾಡಿದ ಏರ್ಪಾಡು ಅದು. ಕ್ಯಾರಿಯರಿನ ಮೇಲೆ ಹೇರುವಾಗ ನೋಡಬೇಕಾದದ್ದು ಭಾರ ಅಚ್ಚಿನ ಮುಂದಿದೆಯೋ ಹಿಂದಿದೆಯೋ ಎಂದು. 30 ಕಿಲೋ ಮೂಟೆಯ ನಡುಭಾಗ ಹಿಂದಿನ ಅಚ್ಚಿಗಿಂತ 15 ಸೆಂಟಿಮೀಟರ್ ಹಿಂದಿದ್ದರೆ, ಎರಡು ಅಚ್ಚುಗಳ ನಡುವಿನ ದೂರ ಸುಮಾರು 117 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಮುಂಗಾಲಿಯ ಮೇಲಿನ ಭಾರದಲ್ಲಿ ಹತ್ತಿರ ಹತ್ತಿರ ನಾಲ್ಕು ಕಿಲೋ ಕಡಿಮೆಯಾಗುತ್ತದೆ. ಇದು ಸನ್ನೆಗೋಲಿನ ಲೆಕ್ಕ. ಸಮತಟ್ಟಾದ ರಸ್ತೆಯಲ್ಲಿ ಹ್ಯಾಂಡಲ್ ಹಗುರಾಗಿ ತೊನೆಯುತ್ತದೆ, ಏರಿನಲ್ಲಿ ಮುಂಗಾಲಿ ಹೆಡೆ ಎತ್ತುತ್ತದೆ. ಅಕ್ಕಿ ಮೂಟೆ ಹೇರಿಕೊಂಡು ಏರಿನಲ್ಲಿ ಇಳಿದು ತಳ್ಳುವವರು ಹ್ಯಾಂಡಲ್ಲನ್ನು ಒತ್ತಿ ಹಿಡಿಯುವುದು ಇದಕ್ಕೇ. ಮೂಟೆಯನ್ನು ಸೀಟಿಗೆ ಒತ್ತಿ ಕಟ್ಟಿದರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಭಾರ ಕೆಳಗಿದ್ದಷ್ಟೂ ಒಳ್ಳೆಯದು. ಓಡುವ ಸೈಕಲ್ಲು ತನ್ನನ್ನು ತಾನು ಸಾಕಷ್ಟು ಸಂಭಾಳಿಸಿಕೊಳ್ಳುತ್ತದೆ. ಆದರೆ ನಿಂತಾಗ, ಹತ್ತುವಾಗ, ಸಿಗ್ನಲ್ಲಿನಲ್ಲಿ ತೆವಳುವಾಗ ಸ್ವಲ್ಪ ವಾಲಿದರೂ ಎತ್ತರದಲ್ಲಿರುವ ಮೂಟೆ ಅದನ್ನು ಕೆಳಕ್ಕೆ ಎಳೆಯುತ್ತದೆ. ಅದೇ ಭಾರ ಗಾಲಿಯ ಅಚ್ಚಿನ ಮಟ್ಟದಲ್ಲಿದ್ದರೆ ಎಳೆತ ಕಡಿಮೆ. ಈ ಪಾಠವನ್ನು ಭೌತಶಾಸ್ತ್ರ ಓದದೆಯೇ ಕಲಿತವನು ಹಾಲಿನವನು. ಎರಡು ಕ್ಯಾನು, ಎರಡು ಪಕ್ಕ, ಗಾಲಿಯ ಅಚ್ಚಿನ ಮಟ್ಟಕ್ಕೆ. ಒಂದು ಮನೆಗೆ ಎಡಗಡೆಯದರಿಂದ ಅಳೆದರೆ ಮುಂದಿನ ಮನೆಗೆ ಬಲಗಡೆಯದರಿಂದ. ಒಂದೇ ಕ್ಯಾನು ಖಾಲಿ ಮಾಡುತ್ತ ಹೋದರೆ ನಾಲ್ಕನೆಯ ಬೀದಿಯ ಹೊತ್ತಿಗೆ ಸೈಕಲ್ಲು ಮಾತು ಕೇಳುವುದಿಲ್ಲ. ಅಡುಗೆ ಅನಿಲ ತರುವವನದೂ ಅದೇ ಉಪಾಯ. ಒಳಗಿನ ಅನಿಲವೇ 14.2 ಕಿಲೋ, ಉಕ್ಕಿನ ಸಿಲಿಂಡರಿನ ತೂಕವೂ ಸುಮಾರು ಅಷ್ಟೇ. ಇಬ್ಬದಿಗೆ ಒಂದೊಂದು ತೂಗುಹಾಕಿದರೆ ಒಬ್ಬ ಆಳಿನ ತೂಕ ಹಿಂದೆ ಕೂತಂತೆ.

ಈ ಹೊರುವ ವಿದ್ಯೆ ತನ್ನ ತುತ್ತತುದಿ ಮುಟ್ಟಿದ್ದು ಯುದ್ಧದಲ್ಲಿ. 1954ರಲ್ಲಿ ವಿಯೆಟ್ನಾಮಿನ ಡಿಯೆನ್ ಬಿಯೆನ್ ಫು ಕಣಿವೆಯಲ್ಲಿ ಫ್ರೆಂಚರನ್ನು ಮುತ್ತಿದ ಸೈನ್ಯಕ್ಕೆ ಅಕ್ಕಿಯನ್ನೂ ಮದ್ದುಗುಂಡನ್ನೂ ಮುಟ್ಟಿಸಿದ್ದರಲ್ಲಿ ಸುಮಾರು 20 ಸಾವಿರ ಸೈಕಲ್ಲುಗಳ ಪಾಲಿತ್ತು. ಅವನ್ನು ಯಾರೂ ತುಳಿಯಲಿಲ್ಲ, ತಳ್ಳಿದರು. ಹ್ಯಾಂಡಲ್ಲಿಗೆ ಒಂದು ಬಿದಿರು ಕಟ್ಟಿ ಪಕ್ಕಕ್ಕೆ ಉದ್ದ ಮಾಡಿದರು, ಸೀಟಿನ ಕೊಳವೆಗೆ ಇನ್ನೊಂದು ಬಿದಿರು ನಿಲ್ಲಿಸಿದರು. ಒಂದು ಕೈಯಲ್ಲಿ ದಾರಿ, ಇನ್ನೊಂದು ಕೈಯಲ್ಲಿ ಸಮತೋಲ. ಒಂದೊಂದು ಸೈಕಲ್ಲಿನ ಎರಡೂ ಪಕ್ಕಕ್ಕೆ 200 ಕಿಲೋ ಮತ್ತು ಅದಕ್ಕೂ ಹೆಚ್ಚು ಹೊರೆ. ಅವುಗಳಲ್ಲಿ ಅನೇಕ ಸೈಕಲ್ಲುಗಳು ಫ್ರೆಂಚರದೇ ಪ್ಯೂಜೋ ಕಂಪೆನಿಯವು ಎಂಬುದು ಚರಿತ್ರೆಯ ಸಣ್ಣ ತಮಾಷೆ. ಜಾರ್ಖಂಡಿನ ರಾಮಗಢ, ಹಜಾರಿಬಾಗ್ ಕಡೆಯಿಂದ ರಾಂಚಿಗೆ ಕಲ್ಲಿದ್ದಲು ತಳ್ಳುವ ಬಡವರ ಸೈಕಲ್ಲುಗಳಲ್ಲೂ 200 ಕಿಲೋ ಮೀರಿದ ಹೊರೆ ಇರುತ್ತದೆ. ಅಲ್ಲಿ ತಮಾಷೆ ಏನೂ ಇಲ್ಲ. ಫ್ರೇಮಿಗೆ ಹೆಚ್ಚುವರಿ ಸರಳು ಬೆಸೆದು, ಘಾಟಿಯಲ್ಲಿ ಎದೆಯಿಂದ ಒತ್ತಿ ತಳ್ಳುವ ಆ ಜನ ಸೈಕಲ್ಲನ್ನು ಓಡಿಸುವವರಲ್ಲ, ಸೈಕಲ್ಲಿಗೆ ಹೂಡಿಕೊಂಡವರು.

ಉಳಿದದ್ದು ಬೆನ್ನು. ಇತ್ತೀಚಿನ ವರ್ಷಗಳಲ್ಲಿ ಬೆನ್ನಿನ ಚೀಲವೇ ನಗರಗಳ ಸೈಕಲ್ ಸವಾರರ ಗುರುತಾಗಿಬಿಟ್ಟಿದೆ. ಕಾರಣ ಸೈಕಲ್ಲಿನಲ್ಲೇ ಇದೆ. ಗೇರಿನ ಸೈಕಲ್ಲುಗಳಲ್ಲಿ ಬಹಳಷ್ಟು ಕ್ಯಾರಿಯರ್ ಇಲ್ಲದೆಯೇ ಬರುತ್ತವೆ. ಕೆಲವಕ್ಕೆ ಅದನ್ನು ಬಿಗಿಯುವ ತೂತುಗಳೂ ಇರುವುದಿಲ್ಲ. ಓಟದ ಸೈಕಲ್ಲಿನಂತೆ ಕಾಣಲಿ ಎಂಬ ಆಸೆಗೆ ಓಡಾಟದ ಸೈಕಲ್ಲು ತನ್ನ ಬೆನ್ನು ಕಳೆದುಕೊಂಡಿದೆ, ಸವಾರ ತನ್ನ ಬೆನ್ನು ಕೊಟ್ಟಿದ್ದಾನೆ ಎನ್ನಬೇಕು. ನಮ್ಮ ಹವೆಯಲ್ಲಿ ಮಾರ್ಚಿಯಿಂದ ಮೇವರೆಗೆ ಬೆನ್ನಿನ ಚೀಲವೆಂದರೆ ಕಚೇರಿ ತಲುಪುವ ಹೊತ್ತಿಗೆ ಅಂಗಿ ಹಿಂಡುವ ಸ್ಥಿತಿ. ಕರಿಯ ಸೈಕಲ್ಲಿನಲ್ಲಿ ನೆಟ್ಟಗೆ ಕೂತವನ ಹೆಗಲ ಮೇಲೆ ಚೀಲದ ಭಾರ ಬೆನ್ನೆಲುಬಿನಗುಂಟ ಸೀಟಿಗೆ ಇಳಿಯುತ್ತದೆ. ಗೇರಿನ ಸೈಕಲ್ಲಿನಲ್ಲಿ ಬಾಗಿ ಕೂತವನಿಗೆ ಅದೇ ಭಾರ ಸೊಂಟ, ಕತ್ತು, ಅಂಗೈಗಳಿಗೆ ಹಂಚಿಕೆಯಾಗುತ್ತದೆ. ಅರ್ಧ ಗಂಟೆಯ ಮೇಲೆ ಅಂಗೈ ಜೋಮು ಹಿಡಿಯುವುದನ್ನು ಅನೇಕರು ಸೈಕಲ್ಲಿನ ದೋಷ ಎಂದುಕೊಳ್ಳುತ್ತಾರೆ. ಒಂದೇ ಹೆಗಲಿಗೆ ಹಾಕುವ ಜೋಳಿಗೆಯದು ಇನ್ನೊಂದು ಕಷ್ಟ. ಬಾಗಿದೊಡನೆ ಅದು ಹೊಟ್ಟೆಯ ಮುಂದಕ್ಕೆ ಜಾರಿ ಮೊಣಕಾಲಿಗೆ ಬಡಿಯುತ್ತದೆ.

ಆದರೂ ಬೆನ್ನಿನ ಪರವಾಗಿ ಒಂದು ಬಲವಾದ ಮಾತಿದೆ. ಗುಂಡಿ ಕಂಡಾಗ ಸವಾರ ಸೀಟಿನಿಂದ ತುಸು ಏಳುತ್ತಾನೆ, ಮೊಣಕಾಲು ಮೊಣಕೈಗಳು ಸ್ಪ್ರಿಂಗಿನ ಕೆಲಸ ಮಾಡುತ್ತವೆ. ಬೆನ್ನಿನ ಚೀಲಕ್ಕೆ ಆ ಸುಖ ಸಿಗುತ್ತದೆ. ಕ್ಯಾರಿಯರಿಗೆ ಸ್ಪ್ರಿಂಗ್ ಇಲ್ಲ, ಗುಂಡಿಯ ಏಟು ನೇರವಾಗಿ ಸಾಮಾನಿಗೆ. ಮೊಟ್ಟೆ, ಗಾಜು, ಕಂಪ್ಯೂಟರ್ ಬೆನ್ನಿಗೇರುವುದು ಬರೀ ಷೋಕಿಯಿಂದಲ್ಲ. ಹೀಗಾಗಿ ಎರಡನ್ನೂ ಬೆರೆಸುವುದೇ ಜಾಣತನ: ಕಂಪ್ಯೂಟರಷ್ಟೇ ಬೆನ್ನಿಗೆ, ಬುತ್ತಿ, ನೀರು, ಬೀಗ, ಮಳೆ ಅಂಗಿ ಎಲ್ಲ ಕೆಳಕ್ಕೆ. ಕಂಪ್ಯೂಟರನ್ನೂ ಪಕ್ಕದ ಚೀಲಕ್ಕೇ ಹಾಕುವುದಾದರೆ ಅದಕ್ಕೆ ದಪ್ಪ ಸ್ಪಂಜಿನ ಹೊದಿಕೆ ಬೇಕು, ಚೀಲದ ತಳಕ್ಕೆ ಅದು ತಾಗಬಾರದು.

ಮಕ್ಕಳ ಮಾತು ಬೇರೆ, ಅದನ್ನು ಎಚ್ಚರಿಕೆಯಿಂದಲೇ ಹೇಳಬೇಕು. ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಆರಂಭಿಸಿತು. ಅದೇ 2006ರಲ್ಲಿ ಬಿಹಾರದಲ್ಲಿ ಹುಡುಗಿಯರಿಗೆ ಸೈಕಲ್ ಕೊಡುವ ಯೋಜನೆ ಬಂತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಲ್ಲಿ ಪ್ರೌಢಶಾಲೆ ಸೇರುವ ಹುಡುಗಿಯರ ಪ್ರಮಾಣ ಶೇಕಡಾ 32ರಷ್ಟು ಏರಿತು. ಹಾಗೆ ಶಾಲೆಗೆ ಹೊರಟ ಹುಡುಗಿಯ ಹೆಗಲಲ್ಲಿ ಪುಸ್ತಕದ ಚೀಲವಿತ್ತು. 2020ರ ರಾಷ್ಟ್ರೀಯ ಶಾಲಾ ಚೀಲ ನೀತಿ ಹೇಳುವುದು ಚೀಲದ ತೂಕ ಮಗುವಿನ ತೂಕದ ಹತ್ತನೆಯ ಒಂದು ಪಾಲು ಮೀರಬಾರದು ಎಂದು. 35 ಕಿಲೋ ಹುಡುಗಿಗೆ ಮೂರೂವರೆ ಕಿಲೋ. ಆ ಲೆಕ್ಕ ನಡೆಯುವ ಮಗುವಿಗೂ ಸೈಕಲ್ ತುಳಿಯುವ ಮಗುವಿಗೂ ಒಂದೇ. ಸೈಕಲ್ಲಿಗೊಂದು ಕ್ಯಾರಿಯರಿದ್ದರೆ ಆ ಮೂರೂವರೆ ಕಿಲೋ ಹೆಗಲಿಂದ ಇಳಿದೀತು. ಕ್ಯಾರಿಯರಿದ್ದೂ ಎಷ್ಟೋ ಮಕ್ಕಳು ಚೀಲ ಬೆನ್ನಿಗೇ ಹಾಕಿಕೊಂಡು ಹೋಗುವುದು, ಕಟ್ಟಲು ಒಂದು ಪಟ್ಟಿ ಇಲ್ಲದ್ದರಿಂದ.

ಇನ್ನೂ ಚಿಕ್ಕ ಮಕ್ಕಳು ತಾವೇ ಕ್ಯಾರಿಯರಿನ ಮೇಲಿನ ಸಾಮಾನಾಗುತ್ತಾರೆ. ಕ್ಯಾರಿಯರಿನ ಇಕ್ಕೆಲಕ್ಕೆ ಕಾಲು ಇಳಿಬಿಟ್ಟು ಕೂತ ಮಗು ನಿದ್ದೆಗೆ ಜಾರಿದರೆ, ಅಥವಾ ತಿರುವಿನಲ್ಲಿ ಕಾಲು ಒಳಕ್ಕೆ ಮಾಡಿದರೆ, ಹಿಮ್ಮಡಿ ಕಡ್ಡಿಗೆ ಸಿಗುತ್ತದೆ. ವೈದ್ಯರು ಇದನ್ನು ಪ್ರತ್ಯೇಕ ಬಗೆಯ ಗಾಯವೆಂದೇ ಗುರುತಿಸುತ್ತಾರೆ. ಇದರ ಮೋಸವೆಂದರೆ ಮೊದಲ ನೋಟಕ್ಕೆ ಗಾಯ ಸಣ್ಣದಾಗಿ ಕಾಣುವುದು. ಕಡ್ಡಿಗೂ ಫ್ರೇಮಿಗೂ ನಡುವೆ ಅರೆದುಹೋದ ಚರ್ಮ ಎಷ್ಟು ಆಳಕ್ಕೆ ಸತ್ತಿದೆ ಎಂಬುದು ಒಂದೆರಡು ದಿನ ಕಳೆದ ಮೇಲಷ್ಟೇ ತಿಳಿಯುತ್ತದೆ. ಅರಿಸಿನ ಮೆತ್ತಿ ಸುಮ್ಮನಾಗದೆ ಅಂದೇ ಆಸ್ಪತ್ರೆಗೆ ತೋರಿಸಬೇಕಾದ ಗಾಯ ಇದು. ಮೋಟಾರ್ ಸೈಕಲ್ಲಿನ ಹಿಂಗಾಲಿಯ ಅರ್ಧವನ್ನಾದರೂ ಮುಚ್ಚುವ ರಕ್ಷೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಕಡ್ಡಾಯ ಮಾಡಿವೆ. ಸೀರೆಯ ಸೆರಗು, ಹಿಂದೆ ಕೂತವರ ಕಾಲು ಉಳಿಯಲಿ ಎಂದು. ಆ ನಿಯಮ ಮೋಟಾರು ವಾಹನಕ್ಕಷ್ಟೇ. ಸೈಕಲ್ಲಿಗೆ ಬೇಕಾದವರು ತಾವೇ ಒಂದು ಜಾಲರಿ ಕಟ್ಟಿಸಿಕೊಳ್ಳಬೇಕು. ಹಿಂದಿನವರು ಮಗುವಿಗೆ ಮುಂದಿನ ಬಾರಿನ ಮೇಲೆ ಪುಟ್ಟ ಸೀಟು, ಕಾಲಿಡಲು ಒಂದು ಅಡ್ಡ ಸರಳು ಹಾಕಿಸುತ್ತಿದ್ದರು. ಆ ಸರಳು ಮುರಿದಿದ್ದರೆ ಸೀಟಿದ್ದೂ ಉಪಯೋಗವಿಲ್ಲ, ಮಗುವಿನ ಕಾಲು ಆಗ ಮುಂಗಾಲಿಯ ಕಡ್ಡಿಗೇ ಹತ್ತಿರ.

ಕ್ಯಾರಿಯರ್ ಇಲ್ಲದ ಗೇರಿನ ಸೈಕಲ್ಲು ಈಗಾಗಲೇ ಕೊಂಡವರೂ ಕೈಚೆಲ್ಲಬೇಕಿಲ್ಲ. ಫ್ರೇಮಿನಲ್ಲಿ, ಹಿಂದಿನ ಅಚ್ಚಿನ ಬಳಿ ಸಣ್ಣ ತೂತುಗಳಿವೆಯೇ ನೋಡಬೇಕು. ಇದ್ದರೆ ಗಾಲಿಯ ಎರಡೂ ಪಕ್ಕ ಕಾಲೂರುವ ಕ್ಯಾರಿಯರ್ ಹಾಕಿಸಬಹುದು. ಇಂಥವುಗಳಲ್ಲಿ ಹಲವಕ್ಕೆ 25 ಕಿಲೋ ಮಿತಿ ಎಂದು ಮುದ್ರೆ ಒತ್ತಿರುತ್ತಾರೆ. ತೂತಿಲ್ಲದಿದ್ದರೆ ಕೊಳವೆಗೆ ಪಟ್ಟಿ ಸುತ್ತಿ ಬಿಗಿಯುವ ಉಪಾಯವುಂಟು. ಸೀಟಿನ ಕೊಳವೆಗೆ ಮಾತ್ರ ಕಚ್ಚಿ ಗಾಳಿಯಲ್ಲಿ ಚಾಚಿಕೊಂಡಿರುವ ಕ್ಯಾರಿಯರೂ ಸಿಗುತ್ತದೆ, ಅದಕ್ಕೆ ಮೂರ್ನಾಲ್ಕು ಕಿಲೋಗಿಂತ ಹೆಚ್ಚು ನೆಚ್ಚುವುದು ಬೇಡ. ಭಾರ ಹೆಚ್ಚಾದರೆ ಅದು ಪಕ್ಕಕ್ಕೆ ತಿರುಗಿ ಚೀಲವನ್ನು ಗಾಲಿಗೆ ಉಜ್ಜಿಸುತ್ತದೆ. ಗೇರಿನ ಸೈಕಲ್ಲಿನ ಹಿಂಗಾಲಿ ಪೆಡಲಿಗೆ ಹತ್ತಿರವಿರುವುದರಿಂದ ಪಕ್ಕದ ಚೀಲ ಹಿಮ್ಮಡಿಗೆ ಬಡಿಯಬಹುದು. ಬಡಿಯದಷ್ಟು ಮಾತ್ರ ಹಿಂದೆ ಸರಿಸಬೇಕು, ಅಚ್ಚು ದಾಟಿ ಹಿಂದಕ್ಕೆ ಹೋಗಬಾರದು. ಒಂದೇ ಚೀಲವಿದ್ದರೆ ಐದಾರು ಕಿಲೋವರೆಗೆ ಒಂದೇ ಪಕ್ಕಕ್ಕೆ ಹಾಕಿದರೂ ಓಡಿಸುವಾಗ ತೊಂದರೆಯಾಗದು, ಪಕ್ಕದ ಸ್ಟ್ಯಾಂಡಿನ ಮೇಲೆ ನಿಲ್ಲಿಸುವಾಗ ಬಿದ್ದೀತು ಅಷ್ಟೆ. ಮಳೆಗಾಲಕ್ಕೆ ಒಳಗೊಂದು ಪ್ಲಾಸ್ಟಿಕ್ ಚೀಲ ಸಾಕು. ಮೇಲಿನ ನೀರಿಗಿಂತ ಗಾಲಿ ಎರಚುವ ನೀರು ಹೆಚ್ಚು ಒಳಗಿಳಿಯುತ್ತದೆ, ಆದ್ದರಿಂದ ಮಡ್‌ಗಾರ್ಡ್ ಇಲ್ಲದ ಸೈಕಲ್ಲಿಗೆ ಮೊದಲು ಅದನ್ನು ಹಾಕಿಸಬೇಕು.

ಕಟ್ಟಿದ್ದು ಸರಿಯೇ ಎಂದು ತಿಳಿಯಲು ಹಳೆಯ ಸೈಕಲ್ ಅಂಗಡಿಯವರದೊಂದು ಪರೀಕ್ಷೆಯಿದೆ. ಸಾಮಾನು ಹೇರಿ, ಪಕ್ಕಕ್ಕೆ ನಿಂತು, ಒಂದು ಕೈಯಲ್ಲಿ ಸೀಟು ಹಿಡಿದು ಇನ್ನೊಂದು ಕೈಯಲ್ಲಿ ಹ್ಯಾಂಡಲ್ಲನ್ನು ಎಡಬಲಕ್ಕೆ ಅಲುಗಿಸುವುದು. ಸಾಮಾನು ಸೈಕಲ್ಲಿನ ಜೊತೆಯಲ್ಲೇ ಅಲುಗಿದರೆ ಸರಿ. ಸೈಕಲ್ಲು ನಿಂತ ಮೇಲೂ ಅದು ಅಲುಗುತ್ತಿದ್ದರೆ ಬಿಚ್ಚಿ ಮತ್ತೆ ಕಟ್ಟಬೇಕು. ಬಳಿಕ ಸೈಕಲ್ಲನ್ನು ಒಂದು ಗೇಣು ಎತ್ತಿ ನೆಲಕ್ಕೆ ಬಿಡುವುದು. ಲಾಡಿ, ಪಟ್ಟಿಯ ತುದಿ, ಛತ್ರಿಯ ಹಿಡಿ ಯಾವುದೂ ಗಾಲಿಯ ಕಡೆಗೆ ಇಳಿಬಿದ್ದಿಲ್ಲ ಎಂದು ಗಾಲಿಯನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ನೋಡುವುದು. ಕ್ಯಾರಿಯರಿನ ನಟ್ಟುಗಳು ದಿನವೂ ಅದುರುವುದರಿಂದ ತಿಂಗಳಿಗೊಮ್ಮೆ ಬಿಗಿಯಬೇಕು. ಸಡಿಲವಾಗಿ ಬೀಳುವ ಮೊದಲ ನಟ್ಟು ಯಾವಾಗಲೂ ಎಡಗಡೆಯ ಕೆಳಗಿನದೇ ಎಂದು ಪಂಕ್ಚರ್ ಅಂಗಡಿಗಳಲ್ಲಿ ಹೇಳುವುದುಂಟು. ಅದು ನಿಜವೋ ಅಲ್ಲವೋ, ನೋಡುವಾಗ ಅಲ್ಲಿಂದಲೇ ಆರಂಭಿಸಿದರೆ ನಷ್ಟವಿಲ್ಲ.